ತಮಟೆ ಕಾಯಿಸಿದ ನೋಟಿಸು

ಅಟ್ಟೂರಿನ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅಶ್ವತ್ಥ್‌ಗೆ ನೋಟಿಸು ಅಂಟಿಸದ ದಿನ ತಿಂದ ಅನ್ನ ಅರಗುವುದಿಲ್ಲ. ಬಾಲ್ಕನಿಯ ಗಿಡಕ್ಕೆ ನೀರು ಹಾಕಿದರೆ ನೋಟಿಸು, ಮಕ್ಕಳು ಜೋರಾಗಿ ನಕ್ಕರೆ ನೋಟಿಸು. ಕೆಲಸದವರು ಹತ್ತಬಾರದ ಲಿಫ್ಟಿನಲ್ಲಿ ಮನೆಕೆಲಸದ ಮಾರಕ್ಕನನ್ನು ಕರೆತಂದ ತಪ್ಪಿಗೆ ಮೂರನೇ ಮಹಡಿಯ ರಮ್ಯ ಅವರನ್ನು ಈ ಮನುಷ್ಯ ನೋಟಿಸಿನಲ್ಲಿ ಇಂಗ್ಲಿಷಿನಲ್ಲಿ ‘ಪರಾಯ’ ಎಂದು ಅಚ್ಚು ಹಾಕಿಸಿದ. ಅಂದರೆ ಬಹಿಷ್ಕೃತೆ, ಯಾರೂ ಮಾತಾಡಿಸಬಾರದು. “ಅದು ಪರೈ ಅನ್ನೋ ತಮಟೆ ಬಾರಿಸೋ ತಮಿಳು ಜನರ ಜಾತಿ ಹೆಸರು ಕಣ್ರೀ, ಇಂಗ್ಲಿಷಿನವರು ಅದನ್ನೇ ಬೈಗುಳ ಮಾಡ್ಕೊಂಡ್ರು,” ಎಂದು ನಾನು ರೇಗಿದೆ. “ಡಿಕ್ಷನರೀಲಿದೆ, ನಾನೇನ್ ಮಾಡ್ಲಿ?” ಎಂದ. ಅದೇ ಮನುಷ್ಯನಿಗೆ ಗಣೇಶನನ್ನು ಬಿಡುವ ದಿನ ತಮಟೆ ಬೇಕೇ ಬೇಕು! ರಾಜಾನುಕುಂಟೆಯಿಂದ ಬಂದ ಚಿಕ್ಕಹನುಮಯ್ಯನ ತಂಡವನ್ನು ಗೇಟಿನ ಹೊರಗೇ ನಿಲ್ಲಿಸಿದ. “ಚರ್ಮ ಕಾಯಿಸ್ಬೇಕು ಸ್ವಾಮಿ, ವಸಿ ಪೇಪರ್ ಕೊಡಿ,” ಎಂದು ಆ ಮುದುಕ ಕೇಳಿದಾಗ, ಮಿಕ್ಕಿದ್ದ ಆ ನೋಟಿಸುಗಳ ಕಟ್ಟನ್ನೇ ಕಂಬಿಯ ಸಂದಿಯಿಂದ ಎಸೆದ. ‘ಪರಾಯ’ ಧಗಧಗನೆ ಉರಿಯಿತು, ಚರ್ಮ ಬಿಗಿಯಾಯಿತು, ಮೊದಲ ಏಟಿಗೇ ನಮ್ಮೆಲ್ಲರ ಎದೆ ನಡುಗಿತು. ಎಲ್ಲರಿಗಿಂತ ಮೊದಲು ಕುಣಿದವನು ಅಶ್ವತ್ಥ್. ಕುಣಿಯುತ್ತಲೇ ಕೂಗಿದ: “ಇನ್ನೂ ಜೋರಾಗಿ ಬಡೀರೋ! ಸ್ವಲ್ಪ ದೂರ ನಿಂತ್ಕೊಂಡು ಬಡೀರೋ!”