ಹಿಂದ ಯಾರದಾರ?

ಮುದ್ದೇಬಿಹಾಳದ ನಿಲ್ದಾಣದಲ್ಲಿ ಮೊದಲ ಬಸ್ಸು ಇನ್ನೂ ಎಂಜಿನ್ ಕಾಯಿಸುತ್ತಿದೆ. ಎದುರಿನ ಓಣಿಯಲ್ಲಿ, ಮನೆಯ ಕಟ್ಟೆಯ ಮೇಲೆ ಚಹಾದ ಕಪ್ಪು-ಬಸಿ ಪಕ್ಕಕ್ಕಿಟ್ಟುಕೊಂಡು ನಿಷತ ಆಗಲೇ ಕೆಲಸಕ್ಕೆ ಕುಳಿತಿದ್ದಾರೆ. ಊರು ಏಳುವುದರೊಳಗೆ ಹುಟ್ಟುಹಬ್ಬದವರ ಫೋಟೊ ಸ್ಟೇಟಸ್ಸಿಗೆ ಸಿದ್ಧವಾಗಬೇಕು. ಅವರ ಹೆಬ್ಬೆರಳ ಕೆಳಗೆ, ಮೊಬೈಲಿನ ಗೆರೆಯೊಂದರ ಮೇಲೆ, ಪುಟ್ಟ ಗುಂಡಿ. ಅದನ್ನು ಬಲಕ್ಕೆ ಸರಿಸಿದಷ್ಟೂ ಫೋಟೊದಲ್ಲಿ ಹಿಂದಿರುವುದೆಲ್ಲ ಬ್ಲರ್ ಆಗುತ್ತದೆ. ಮೊದಲು ಗೋಡೆಯ ಬಿರುಕು, ಆಮೇಲೆ ಹಗ್ಗದ ಮೇಲಿನ ಅರಿವೆ, ಕೊನೆಗೆ ಮನುಷ್ಯರು. ಮುಂದೆ ನಿಂತವನೊಬ್ಬ ಮಾತ್ರ ಕಥೆಯ ರಾಜಕುಮಾರನ ಹಾಗೆ ಹೊಳೆಯುತ್ತಾನೆ.

ಹೊಲಿಗೆ ಕೆಲಸ ಕಡಿಮೆಯಾದ ಮೇಲೆ ತಾವಾಗಿಯೇ ಕಲಿತ ಕಸುಬಿದು. ದಿನಕ್ಕೆ ಹತ್ತಿಪ್ಪತ್ತು ಫೋಟೊ, ಲಗ್ನದ ಹಂಗಾಮಿನಲ್ಲಿ ದುಪ್ಪಟ್ಟು. "ಮಂದಿ ನನಗ ಬ್ಲರ್ ಬಾಯಿ ಅಂತಾರ್ರಿ," ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಎರಡು ವರ್ಷದ ಕೆಳಗೆ ತಂಗಡಗಿಯಿಂದ ತೊಟ್ಟಿಲ ಕಾರ್ಯದ ಫೋಟೊ ಬಂತು. "ಕೂಸಷ್ಟ ಕಾಣಬೇಕು," ಎಂದಿದ್ದ ಕೂಸಿನ ಅಪ್ಪ. ನಿಷತ ಗುಂಡಿಯನ್ನು ಕೊನೆಮುಟ್ಟ ಸರಿಸಿದರು. ಫೋನು ತುಂಬಿತ್ತೆಂದು ಮೂಲ ಫೋಟೊ ಅಳಿಸಿದರು. ಅತ್ತ ಅವನೂ ಚಂದದ್ದನ್ನು ಇಟ್ಟುಕೊಂಡು ಹಳೆಯದನ್ನು ತೆಗೆದುಹಾಕಿದ.

ಹೋದ ವರ್ಷ ಕೂಸಿನ ಅಜ್ಜಿ ರೇವವ್ವ ಅದೇ ಫೋಟೊ ಹಿಡಿದು ಬಂದರು. ಅದರಲ್ಲಿ ತೊಟ್ಟಿಲ ಹಿಂದೆ ಬಾಗಿಲಿಗೆ ಆತು ನಿಂತಿದ್ದವರು ಅವರ ಗಂಡ ಭೀಮಶ್ಯಾ; ಅಷ್ಟರಲ್ಲಿ ತೀರಿಕೊಂಡಿದ್ದರು.

"ಇದನ್ನ ತಿಳಿ ಮಾಡವ್ವ. ಆಧಾರ ಕಾರ್ಡಿನ್ಯಾಗ ಸಿಟ್ಟ ಮಾಡಿಕೊಂಡಾರ. ನಕ್ಕಿದ್ದು ಇದೊಂದರಾಗ."

ಕದಡಿದ ನೀರನ್ನು ಹಾಗೇ ಬಿಟ್ಟರೆ ತಿಳಿಯಾಗುತ್ತದೆ. ಇದು ಆಗಲಿಲ್ಲ. "ಗುಂಡಿ ಹಿಂದಕ್ಕ ಬರತೈತ್ರಿ, ಮಸುಕಾದ ಮಾರಿ ಬರೂದಿಲ್ಲ," ಎನ್ನುವಾಗ ನಿಷತ ತಲೆ ಎತ್ತುವುದಿಲ್ಲ. "ಹಿಂದ ಯಾರದಾರ ಅಂತ ಒಂದ ಮಾತು ಕೇಳಬೇಕಿತ್ತು. ಕೇಳಲಿಲ್ಲ."

ಉಳಿದಿದ್ದು ಹಳದಿಯದೊಂದು ಮಸುಕು. ರೇವವ್ವ ಅದರ ಮೇಲೆ ಬೆರಳಿಟ್ಟು, "ಇದು ರುಮಾಲ. ಇದರ ಕೆಳಗ ನಗಾಕತ್ತಾರ," ಎಂದರಂತೆ. ಅದನ್ನೇ ಪ್ರಿಂಟ್ ಹಾಕಿಸಿಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದರಂತೆ.

ಅಂದಿನಿಂದ ನಿಷತ ಯಾವ ಮೂಲ ಫೋಟೊವನ್ನೂ ಅಳಿಸುವುದಿಲ್ಲ. ಕೇಳದೆ ಗುಂಡಿ ಮುಟ್ಟುವುದೂ ಇಲ್ಲ. ಈಗ ಫೋನಿನಲ್ಲಿ ಹುಟ್ಟುಹಬ್ಬದ ತರುಣನೊಬ್ಬ ಅವಸರ ಮಾಡುತ್ತಿದ್ದಾನೆ.

"ಲಗೂನ ಕಳಸ್ರಿ ಅಕ್ಕಾರ."

"ತಡಿಯಪಾ. ಹಿಂದ ಯಾರದಾರ?"

"ಹಿಂದ ಯಾರೂ ಇಲ್ರಿ. ನಮ್ಮವ್ವ ಅದಾಳ."

ನಿಷತರ ಹೆಬ್ಬೆರಳು ಗುಂಡಿಯಿಂದ ಮೇಲೇಳುತ್ತದೆ.

"ಗ್ವಾಡಿ ಅಷ್ಟ ಬ್ಲರ್ ಮಾಡ್ತೇನಿ," ಎನ್ನುತ್ತಾರೆ. "ಅವ್ವ ಇರ್ಲಿ."