ನಾನೇ ಬರೆದ ಗಿರಾಕಿ

ಒಂದೂವರೆ ವರ್ಷ ನಾನು ಮಧ್ಯಾಹ್ನದ ಹೊತ್ತು ಗಂಡಸಾಗಿದ್ದೆ. ವಯಸ್ಸು ಅರವತ್ತೆರಡು, ಮೂಡಿಗೆರೆ ಆಚೆ ಕಾಫಿ ತೋಟ, ಮನೆಯಲ್ಲಿ ಎರಡು ಕೋವಿ, ಎಡ ಮೊಣಕಾಲಲ್ಲಿ ನೋವು. ಇಷ್ಟನ್ನೂ ಹುಟ್ಟಿಸಿದ್ದು ಬಂಟ್ವಾಳದ ನಮ್ಮ ಅಡುಗೆಮನೆಯ ಮೇಜಿನಲ್ಲಿ, ಊಟದ ಬಟ್ಟಲು ತೊಳೆದು ಕವುಚಿಟ್ಟ ಮೇಲೆ. ಅವನು ನಿಜವಾಗಿ ಇದ್ದಾನೆಂದು ನಂಬಿದವರು ಹಲವರು. ಹಾಗೆ ನಂಬಿ ಕೆಟ್ಟವರು, ನನಗೆ ಗೊತ್ತಿರುವ ಮಟ್ಟಿಗೆ, ಒಬ್ಬರು. ಅವರ ವಿಷಯವನ್ನು ಬರೆದಿಡದೆ ನನಗೆ ಸಮಾಧಾನವಿಲ್ಲ.

ಇವರಿಗೆ, ಎಂದರೆ ನನ್ನ ಗಂಡನಿಗೆ, ಬಿ.ಸಿ. ರೋಡಿನಲ್ಲಿ ಜೀಪು, ವ್ಯಾನುಗಳ ಸೀಟು ಹೊಲಿಯುವ ಅಂಗಡಿ. ಒಮ್ಮೆ ಬೆಳ್ತಂಗಡಿ ಕಡೆಯ ಗಿರಾಕಿಯೊಬ್ಬರು ಜೀಪಿನ ಹುಡ್ಡಿಗೆ ಹೊಲಿದು ಉಳಿದ ಕ್ಯಾನ್ವಾಸಿನಲ್ಲಿ ತಮ್ಮ ಕೋವಿಗೊಂದು ಚೀಲ ಹೊಲಿಸಿಕೊಂಡರು. ಒಳಗೆ ಮೆತ್ತಗಿರಲಿ ಎಂದು ಇವರು ಹಳದಿ ಫ್ಲಾನೆಲ್ ಹಾಕಿದರು. ಅದನ್ನು ನೋಡಿದವರು ತಮಗೂ ಬೇಕೆಂದರು. ನಮ್ಮ ಕಡೆ ಹಂದಿ, ಮಂಗನಿಂದ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಚೀಲದ ನಂತರ ಹೆಗಲ ಪಟ್ಟಿ, ಆಮೇಲೆ ತೋಟಾ ಇಡುವ ಸೊಂಟದ ಬೆಲ್ಟು. ಸೀಟಿನ ಕೆಲಸಕ್ಕಿಂತ ಅದೇ ಜಾಸ್ತಿಯಾಯಿತು.

ದೇಶದ ಕೋವಿ ಹವ್ಯಾಸಿಗಳೆಲ್ಲ ಸೇರುವ ಒಂದು ಫೋರಂ ಇಂಟರ್ನೆಟ್ಟಿನಲ್ಲಿದೆ ಎಂದು ಇವರಿಗೆ ಯಾರೋ ಹೇಳಿದರು. ಅಲ್ಲಿ ಎಲ್ಲವೂ ಇಂಗ್ಲಿಷು.

“ನಿನಗೆ ಇಂಗ್ಲಿಷ್ ಉಂಟಲ್ಲ ಮಾರಾಯ್ತಿ,” ಎಂದರು ಇವರು. “ಸಿಸ್ಟರ್‌ಗಳು ಪೆಟ್ಟು ಕೊಟ್ಟು ಕಲಿಸಿದ್ದು. ಅದಕ್ಕೂ ಒಂದು ಪ್ರಯೋಜನ ಆಗ್ಲಿ.”

“ಪೆಟ್ಟು ಕೊಡ್ಲಿಲ್ಲ. ಕಣ್ಣು ಬಿಟ್ಟರೆ ಸಾಕಿತ್ತು.”

“ನೀನೂ ಹಾಗೇ ಕಣ್ಣು ಬಿಟ್ಟು ಬರಿ.”

ಮೂಡುಬಿದಿರೆಯ ಕಾನ್ವೆಂಟಿನಲ್ಲಿ ಕಲಿತ ಪತ್ರಲೇಖನದ ಕ್ರಮದಲ್ಲಿ, ವಂದನೆಯಿಂದ ಶುರುಮಾಡಿ, ನಮ್ಮ ಚೀಲದ ಬಗ್ಗೆ ಬರೆದೆ. ಮಾರುವವರು ತಮ್ಮ ವಿಷಯ ಹೇಳಲು ಅಲ್ಲಿ ಒಂದೇ ಮೂಲೆ. ಅದರ ಆಚೆ ತಮ್ಮ ಸಾಮಾನನ್ನು ತಾವೇ ಹೊಗಳಬಾರದೆಂಬುದು ನಿಯಮ. ಆ ಮೂಲೆಗೆ ಯಾರೂ ಬರುತ್ತಿರಲಿಲ್ಲ. ಹದಿನೈದು ದಿನಕ್ಕೆ ಒಂದು ಉತ್ತರ ಬಂತು, ಅದೂ ನನ್ನ ಇಂಗ್ಲಿಷನ್ನು ಹೊಗಳಿ.

ನನ್ನದು ಸುಮ್ಮನೆ ನೋಡುತ್ತ ಕೂರುವ ಸ್ವಭಾವ. ಬೇರೆ ಸಣ್ಣ ಕಂಪನಿಗಳವರು ಏನು ಮಾಡುತ್ತಾರೆಂದು ನೋಡಿದೆ. ನಳಿಗೆ ಉಜ್ಜುವ ಸಲಾಕೆ ಮಾಡುವವನೊಬ್ಬ ಹಳೆಯ ಸದಸ್ಯರಿಗೆ ಸಲಾಕೆ ಪುಕ್ಕಟೆ ಕಳಿಸಿ, ಮನಸ್ಸಿಗೆ ಬಂದದ್ದು ಬರೆಯಿರಿ ಎನ್ನುತ್ತಿದ್ದ. ಪುಕ್ಕಟೆ ಪಡೆದವರ ಮನಸ್ಸಿಗೆ ಯಾವಾಗಲೂ ಒಳ್ಳೆಯದೇ ಬರುತ್ತಿತ್ತು. ಮರದ ಹಿಡಿ ಕೆತ್ತುವ ಇನ್ನೊಬ್ಬ, ತಪ್ಪು ತೋರಿಸಿದವರ ಜೊತೆ ಜಗಳಕ್ಕೆ ನಿಂತು ಒಂದೇ ವಾರದಲ್ಲಿ ಎಲ್ಲರಿಗೂ ಬೇಡವಾದ. ಹೆಗಲ ಪಟ್ಟಿ ಮಾಡುವ ಮೂರನೆಯವನು ಮಾತ್ರ ತನ್ನ ಪಟ್ಟಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಯಾರದ್ದೋ ತುಕ್ಕು, ಯಾರದ್ದೋ ಎಣ್ಣೆ, ಯಾರದ್ದೋ ಲೈಸೆನ್ಸಿನ ತಾಪತ್ರಯ, ಎಲ್ಲದಕ್ಕೂ ತಾಳ್ಮೆಯಿಂದ ಉತ್ತರ ಕೊಡುವುದು. ಕೆಳಗೆ ಸಣ್ಣಕ್ಷರದಲ್ಲಿ ಅಂಗಡಿಯ ಹೆಸರು. ಜನ ತಾವಾಗಿ ಹುಡುಕಿಕೊಂಡು ಹೋಗುತ್ತಿದ್ದರು.

ಅದು ನಿಧಾನದ ದಾರಿ. ನಾವೂ ಹಾಗೆ ಮಾಡುವ ಎಂದು ಇವರಿಗೆ ಹೇಳಬಹುದಿತ್ತು. ಹೇಳಲಿಲ್ಲ.

“ಗಿರಾಕಿ ಹೇಳಿದ ಹಾಗೆ ನೀನೇ ಒಂದು ಬರಿ,” ಎಂದರು ಇವರು. “ಎಲ್ಲರೂ ಮಾಡ್ತಾರೆ. ಯಾರಿಗೆ ಎಂತ ನಷ್ಟ?”

ಹೀಗೆ ಮೂಡಿಗೆರೆಯ ಪ್ಲಾಂಟರು ಹುಟ್ಟಿದ. ಒತ್ತಾಯಕ್ಕೆ ಬರೆದೆ ಎಂದರೆ ಸುಳ್ಳಾಗುತ್ತದೆ. ನನಗೆ ಅದು ಹಿಡಿಸಿತು. ಮನೆಯಲ್ಲಿ ನನ್ನ ಅಭಿಪ್ರಾಯ ಕೇಳುವುದು ಸಾಂಬಾರಿನ ಉಪ್ಪಿನ ಬಗ್ಗೆ ಮಾತ್ರ. ಪ್ಲಾಂಟರನ್ನು ಜನ “ಸರ್” ಎಂದು ಕರೆದು ಕೇಳುತ್ತಿದ್ದರು. ನಾನು ಹಳೆಯ ಉತ್ತರಗಳನ್ನೆಲ್ಲ ಓದಿ, ಹೋಮ್‌ವರ್ಕ್ ಮಾಡಿದ ಹಾಗೆ ಮಾಡಿ, ಗಂಭೀರವಾಗಿ ಹೇಳುತ್ತಿದ್ದೆ.

ಅವನು ಬರೆದದ್ದರಲ್ಲಿ ಹೆಚ್ಚು ಓಡಿದ್ದು ಠಾಣೆಯ ಕಥೆ. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ಎಲ್ಲ ಮುಗಿದ ಮೇಲೆ ವಾಪಸ್ಸು. ಆ ಎರಡು ತಿಂಗಳು ಕೋವಿ ಯಾವ ಮೂಲೆಯಲ್ಲಿ ಹೇಗೆ ಬಿದ್ದಿರುತ್ತದೋ ಎಂಬುದು ಎಲ್ಲರ ಚಿಂತೆ. ಪ್ಲಾಂಟರು ಬರೆದ: ಕಳೆದ ಸಲ ಬಂಟ್ವಾಳದ ಈ ಚೀಲದಲ್ಲಿ ಹಾಕಿ ಕೊಟ್ಟಿದ್ದೆ, ಎರಡು ತಿಂಗಳ ನಂತರ ತೆಗೆದರೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ.

ಅಂಥ ಪರೀಕ್ಷೆ ಯಾರೂ ಮಾಡಿರಲಿಲ್ಲ. ನಮ್ಮ ಮನೆಯಲ್ಲಿ ಕೋವಿಯೇ ಇಲ್ಲ.

ಅದನ್ನು ಓದಿ ಚೀಲ ತರಿಸಿದವರಲ್ಲಿ ನಾರಾವಿ ಕಡೆಯ ಗುಡ್ಡದ ಕೃಷಿಕರೊಬ್ಬರು. ಅವರು ಪ್ಲಾಂಟರಿಗೆ ಬೇರೆಯಾಗಿ, ಕನ್ನಡದಲ್ಲಿ, ಖಾಸಗಿ ಸಂದೇಶ ಬರೆಯತೊಡಗಿದರು. ಮೊದಲು ಎಣ್ಣೆಯ ವಿಷಯ, ಹಂದಿಯ ವಿಷಯ. ಆಮೇಲೆ ಮನೆಯ ವಿಷಯ. ಅಣ್ಣ ತಮ್ಮಂದಿರು, ಅತ್ತಿಗೆಯರು ತುಂಬಿದ ಮನೆ. ಆದರೆ ಕೋವಿಯ ಮಾತೆತ್ತಿದರೆ ಎಲ್ಲರಿಗೂ ತಮಾಷೆ. ನಾನು ಉತ್ತರದಲ್ಲಿ ‘ಉಂಟು’ ಎಂದು ಬರೆದು, ಅಳಿಸಿ, ‘ಇದೆ’ ಎಂದು ತಿದ್ದುತ್ತಿದ್ದೆ, ಪ್ಲಾಂಟರು ಘಟ್ಟದ ಮೇಲಿನವನಲ್ಲವೇ. ಒಮ್ಮೆ ಹೊಟ್ಟೆ ಸರಿಯಿಲ್ಲವೆಂದು ಅವರು ಬರೆದಾಗ, ಗಂಜಿಗೆ ಎಷ್ಟು ನೀರು, ಚಟ್ನಿಗೆ ಶುಂಠಿ ಎಷ್ಟು ಎಂದು ಒಂದು ಪುಟ ಬರೆದು ಕಳಿಸಿಬಿಟ್ಟೆ. “ನಿಮಗೆ ಅಡಿಗೆಯೂ ಗೊತ್ತುಂಟಾ ಸರ್!” ಎಂದು ಉತ್ತರ ಬಂತು.

ಕೊನೆಗೊಂದು ದಿನ ಅವರು ಬರೆದದ್ದು ಹೀಗೆ: ಬಲಗಣ್ಣು ಮಂಜಾಗುತ್ತಾ ಉಂಟು. ಗುರಿ ಹಿಡಿದರೆ ತುದಿ ಕಾಣುವುದಿಲ್ಲ. ಮೊನ್ನೆ ಹಂದಿ ಎಂದು ಎತ್ತಿದೆ, ಅತ್ತಿಗೆ ಹುಲ್ಲಿನ ಹೊರೆ ಹೊತ್ತು ಬರುತ್ತಾ ಇದ್ದದ್ದು. ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ.

ಪ್ಲಾಂಟರು ಬಹಳ ಕಟ್ಟುನಿಟ್ಟಾಗಿ ಬರೆದ: ಮೊದಲು ಕಣ್ಣಿನ ಡಾಕ್ಟರು, ಆಮೇಲೆ ಕೋವಿ. ಅಲ್ಲಿಯವರೆಗೆ ಮುಟ್ಟಬೇಡಿ. ಅವರು ಒಪ್ಪಿದರು, ಆದರೆ ದಿನ ಮುಂದೂಡುತ್ತಲೇ ಹೋದರು. ಅಷ್ಟರಲ್ಲಿ ಚುನಾವಣೆ ಬಂತು. ಕೋವಿ ನಮ್ಮ ಚೀಲದಲ್ಲಿ ಠಾಣೆ ಸೇರಿತು. ಎರಡು ತಿಂಗಳು ಅವರು ಯಾರ ಮೇಲೂ ಗುರಿ ಹಿಡಿಯಲಾರರೆಂದು ನಾನು ನೆಮ್ಮದಿಯಾದೆ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವರೇ ಅಂಗಡಿಗೆ ಬಂದರು. ನಾನು ಇವರಿಗೆ ಬುತ್ತಿ ತಂದಿದ್ದೆ. ತೆಳ್ಳಗಿನ ಮನುಷ್ಯ, ಐವತ್ತರ ಆಸುಪಾಸು, ಮಾತಾಡುವಾಗ ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಎಡಗಣ್ಣಿನಿಂದ ನೋಡುತ್ತಿದ್ದರು. ನಾರಾವಿಯಿಂದ ಎಂದಾಗಲೇ ನನಗೆ ಗೊತ್ತಾಯಿತು. ಚೀಲವನ್ನು ಬಿಚ್ಚಿ ಹೊಲಿಗೆ ಮೇಜಿನ ಮೇಲೆ ಹರಡಿದರು. ಹಳದಿ ಫ್ಲಾನೆಲಿನ ಮೇಲೆ ಉದ್ದಕ್ಕೆ, ನಳಿಗೆಯ ಆಕಾರದಲ್ಲೇ, ಕಂದು ಕಲೆ. ಸೆಖೆಗಾಲದ ಹವೆಯ ಪಸೆಯನ್ನೂ ಮಳೆಯ ತೇವವನ್ನೂ ಬಟ್ಟೆ ಹೀರಿ ಒಳಗೇ ಹಿಡಿದಿಟ್ಟಿತ್ತು.

“ಅಪ್ಪನ ಕಾಲದ ಕೋವಿ. ನಳಿಗೆ ಒಳಗೂ ತಿಂದಿದೆ, ಇನ್ನು ಆಗುದಿಲ್ಲ ಅಂದ ರಿಪೇರಿಯವ,” ಎಂದರು. “ನಿಮ್ಮನ್ನು ದೂರ್ಲಿಕ್ಕೆ ಬಂದದ್ದಲ್ಲ ಮಾರ್ರೆ. ಚೀಲದ ತಪ್ಪಲ್ಲ, ನಾನೇ ಎಣ್ಣೆ ಸರಿ ಹಾಕ್ಲಿಲ್ಲ ಕಾಣ್ತದೆ. ಮೂಡಿಗೆರೆಯವರದ್ದಕ್ಕೆ ಎಂತದೂ ಆಗ್ಲಿಲ್ಲ ಅಲ್ವಾ? ಅವರನ್ನು ಕೇಳುವ ಅಂದ್ರೆ ಉತ್ತರ ಇಲ್ಲ. ನೀವು ಅವರಿಗೆ ಚೀಲ ಕಳಿಸಿದ ಅಡ್ರೆಸ್ ಇರ್ಬೇಕಲ್ಲ?”

ನಾನು ಹದಿನೈದು ದಿನದಿಂದ ಬರೆದಿರಲಿಲ್ಲ. ತುಕ್ಕು ಹಿಡಿದ ಸುದ್ದಿಯನ್ನು ಅವರು ಪ್ಲಾಂಟರಿಗೆ ಬರೆದ ಮೇಲೆ ಏನು ಬರೆಯಬೇಕೆಂದೇ ತೋಚಿರಲಿಲ್ಲ.

ಇವರು ನನ್ನ ಮುಖ ನೋಡಿದರು. ಮತ್ತೆ ಕತ್ತರಿ ನೋಡಿದರು.

“ಅವರು... ಅವರು ತೀರಿಕೊಂಡ್ರಂತೆ.”

ಮಾತು ಅಲ್ಲಿಗೆ ಮುಗಿಯುತ್ತದೆಂದು ಇವರು ಎಣಿಸಿದ್ದು. ನಮ್ಮ ಊರಿನಲ್ಲೇ ಹುಟ್ಟಿ ಬೆಳೆದೂ ಅಂಥ ತಪ್ಪು ಎಣಿಕೆ. ಆ ಮನುಷ್ಯ ಸ್ಟೂಲಿನ ಮೇಲೆ ಕೂತುಬಿಟ್ಟರು. ಹರಡಿದ ಚೀಲವನ್ನು ಮಡಿಸುತ್ತ ಕೇಳಿದರು, “ಯಾವಾಗ?”

“ಹೋದ ಶುಕ್ರವಾರ ಅಂತ ಕಾಣ್ತದೆ.”

“ಹಾಗಾದ್ರೆ ಬೊಜ್ಜ ಇನ್ನೂ ಆಗ್ಲಿಲ್ಲ.” ಉತ್ತರಕ್ರಿಯೆಯ ದಿನವನ್ನು ಅವರು ಬೆರಳಿನಲ್ಲಿ ಎಣಿಸಿದರು. “ಬುಧವಾರ ಬರ್ತದೆ. ಹೋಗ್ಬೇಕು. ಬೊಜ್ಜಕ್ಕೆ ಹೋಗದಿದ್ರೆ ಹೇಗೆ?”

“ಅಷ್ಟು ದೂರ...” ಎಂದರು ಇವರು.

“ಎಂತ ದೂರ? ಗುರುವಾಯನಕೆರೆಯಿಂದ ಬಸ್ಸು ಉಂಟು. ಮೂಡಿಗೆರೆಯಲ್ಲಿ ಇಳಿದು ಕೇಳಿದ್ರೆ ಆಯ್ತು, ಅಂಥ ದೊಡ್ಡ ಮನುಷ್ಯರು ಯಾರಿಗೆ ಗೊತ್ತಿರುದಿಲ್ಲ?”

ಅವರು ಹೋದ ಮೇಲೆ ಇವರು ಹೇಳಿದರು, “ಹೋಗಿ ಬರ್ಲಿ. ಸಿಕ್ಕದಿದ್ರೆ ವಾಪಸ್ ಬರ್ತಾರೆ.” ಹಾಗೆಂದು ಮೆಷಿನ್ ತುಳಿಯತೊಡಗಿದರು. ಆದರೆ ಸೂಜಿಯಲ್ಲಿ ದಾರವಿರಲಿಲ್ಲ.

ಬುಧವಾರ ಅಕ್ಕನ ಮನೆಗೆಂದು ಹೇಳಿ ಮೊದಲ ಬಸ್ಸು ಹಿಡಿದೆ. ಗುರುವಾಯನಕೆರೆಯಲ್ಲಿ ಇಳಿದಾಗ ಅಂಗಡಿಗಳು ಇನ್ನೂ ಬಾಗಿಲು ತೆಗೆಯುತ್ತಿದ್ದವು. ನಾರಾವಿಯ ಬಸ್ಸಿನಿಂದ ಅವರು ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ ತುಂಬ ಸೌತೆಕಾಯಿ.

“ನೀವೂ ಬೊಜ್ಜಕ್ಕಾ?” ಎಂದು ಅವರಿಗೆ ಖುಷಿಯಾಯಿತು. “ಮನೆದೇ ಸೌತೆ. ಊಟದ ಸಾಂಬಾರಿಗೆ ಆಗ್ತದಲ್ಲ ಅಂತ.”

“ನೀವು ಹೋಗ್ಬೇಡಿ. ಅವರು ಇಲ್ಲ.”

“ಇಲ್ಲ ಅಂತಲೇ ಅಲ್ವಾ ಹೋಗುದು?”

“ಹಾಗಲ್ಲ. ಅವರು ಇರ್ಲೇ ಇಲ್ಲ. ಬರೆದದ್ದೆಲ್ಲ ನಾನು. ಚೀಲ ಮಾರಿ ಹೋಗ್ಲಿ ಅಂತ.”

ಅವರು ನಕ್ಕರು. “ಎಂತ ತಮಾಷೆ ಅಕ್ಕ ಬೆಳಿಗ್ಗೆ ಬೆಳಿಗ್ಗೆ.”

ನಾನು ದನಿ ತಗ್ಗಿಸಿ ಬಲಗಣ್ಣಿನ ವಿಷಯ ಹೇಳಿದೆ, ಅತ್ತಿಗೆಯ ಹುಲ್ಲಿನ ಹೊರೆ ಹೇಳಿದೆ. ಅವರ ನಗು ಇಳಿಯಿತು. ಯಾರಾದರೂ ಕೇಳಿದರೇನೋ ಎಂದು ಸುತ್ತ ನೋಡಿದರು. ಕಾಲೇಜು ಮಕ್ಕಳು ಬಸ್ಸಿಗೆ ನುಗ್ಗುತ್ತಿದ್ದರು. ಯಾರಿಗೂ ನಮ್ಮ ಮೇಲೆ ಗಮನವಿರಲಿಲ್ಲ.

“ನಿಮ್ಮ ಯಜಮಾನರಿಗೆ ಗೊತ್ತುಂಟಾ ನನ್ನ ಕಣ್ಣಿಂದು?”

“ಇಲ್ಲ. ಅದು ನಾನು ಯಾರಿಗೂ ಹೇಳ್ಲಿಲ್ಲ.”

“ಗಂಜಿದು?”

“ಅದೂ ನಾನೇ.”

“ಗಂಜಿ ಒಳ್ಳೆದಿತ್ತು,” ಎಂದರು. ಅದು ಹೊಗಳಿಕೆಯಲ್ಲ, ಬಯ್ಗುಳವೂ ಅಲ್ಲ. ಚಾರ್ಮಾಡಿಯ ಕಡೆಗೆ ಹೋಗುವ ಬಸ್ಸು ಬಂದು ನಿಂತು, ಕಂಡಕ್ಟರ್ ಕೂಗಿ, ಹೋಯಿತು. “ಕೋವಿ ಹಾಳಾದ್ದು ಹಾಳಾಯ್ತು ಮಾರಾಯ್ತಿ. ನಾನು ಆ ಮನುಷ್ಯನಿಗೆ ಎರಡು ದಿವಸ ಅತ್ತಿದ್ದೇನೆ, ಗೊತ್ತುಂಟಾ ನಿಮಗೆ?” ಅಷ್ಟು ಹೇಳಿ ರಸ್ತೆ ದಾಟಿ ಹೋದರು, ನಾರಾವಿಗೆ ವಾಪಸ್ಸು ಹೋಗುವ ಬಸ್ಸು ನಿಲ್ಲುವ ಬದಿಗೆ. ಸೌತೆಕಾಯಿಯ ಭಾರಕ್ಕೆ ಒಂದು ಹೆಗಲು ಕೆಳಗಾಗಿತ್ತು.

ಅದೇ ಮಧ್ಯಾಹ್ನ ಫೋರಮ್ಮಿನಲ್ಲಿ ಬರೆದೆ. ನಾನು ಚೀಲ ಹೊಲಿಯುವವರ ಹೆಂಡತಿ. ಆ ಪ್ಲಾಂಟರು ಇಲ್ಲ. ಠಾಣೆಯ ಕಥೆ ಸುಳ್ಳು. ಈ ಚೀಲ ಒಯ್ಯಲು ಮಾತ್ರ, ಕೋವಿಯನ್ನು ಇದರೊಳಗೆ ದಿನಗಟ್ಟಲೆ ಇಡಬೇಡಿ, ಒಬ್ಬರ ಕೋವಿ ಹಾಳಾಗಿದೆ. ಅಲ್ಲಿನವರು ಬಯ್ದದ್ದನ್ನು ಬರೆಯುವುದಿಲ್ಲ, ಬಯ್ಯಬೇಕಾದದ್ದೇ. ಹೆಗಲ ಪಟ್ಟಿಯವನು ಮಾತ್ರ ಸೌಮ್ಯವಾಗಿ, ಫ್ಲಾನೆಲ್ ತೆಗೆದುಬಿಡಿ ಎಂದು ಬರೆದ. ಇವರು ವಾರವಿಡೀ ನನ್ನೊಡನೆ ಮಾತಾಡಲಿಲ್ಲ. ಮಾತಾಡಿದ ದಿನ ಕೇಳಿದ್ದು ಇಷ್ಟೇ: “ಬರೆಯುವ ಮೊದ್ಲು ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ?” ಹೇಳಬಹುದಿತ್ತು. ಬೇಡವೆನ್ನುತ್ತಾರೆಂದು ಹೇಳಿರಲಿಲ್ಲ.

ಪ್ಲಾಂಟರ ಖಾತೆಯನ್ನು ಮೇಲ್ವಿಚಾರಕರು ಮುಚ್ಚಿದರು. ಒಳಗಿದ್ದದ್ದನ್ನು ಓದಬಹುದಿತ್ತು, ಉತ್ತರ ಬರೆಯಲಾಗುತ್ತಿರಲಿಲ್ಲ. ಅದರಲ್ಲಿ ನಾರಾವಿಯಿಂದ ಒಂದು ಸಂದೇಶವಿತ್ತು, ಅವರು ಅಂಗಡಿಗೆ ಬರುವ ಹಿಂದಿನ ದಿನ ಬರೆದದ್ದು. ನಾನು ತೆರೆದಿರಲಿಲ್ಲ. ‘ನಿಮ್ಮ ಮಾತಿನ ಪ್ರಕಾರ ಮೂಡುಬಿದಿರೆಯ ಕಣ್ಣಿನ ಆಸ್ಪತ್ರೆಯಲ್ಲಿ ಈ ಸೋಮವಾರ ಬಿಟ್ಟು ಮುಂದಿನ ಸೋಮವಾರಕ್ಕೆ ದಿನ ತೆಗೆದುಕೊಂಡಿದ್ದೇನೆ ಸರ್. ಈ ಸಲ ತಪ್ಪಿಸುವುದಿಲ್ಲ.’

ಇನ್ನು ಅವರು ಯಾರ ಮಾತಿಗೆ ಹೋಗಬೇಕು? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಕೋವಿ ಹಾಳಾದರೇನು, ತಮ್ಮನ ಹತ್ತಿರ ಇನ್ನೊಂದಿದೆಯೆಂದು ಅವರೇ ಬರೆದಿದ್ದರು. ಚೀಲದ ವಿಳಾಸದ ಜೊತೆ ಅವರು ಕೊಟ್ಟಿದ್ದ ನಂಬರಿಗೆ ಮೂರು ಸಲ ಫೋನ್ ಮಾಡಿದೆ. ನನ್ನ ದನಿ ಕೇಳಿದ ಕೂಡಲೇ ಇಟ್ಟರು.

ಸೋಮವಾರ ಮೂಡುಬಿದಿರೆಗೆ ಹೋದೆ. ಆಸ್ಪತ್ರೆಯ ಬೆಂಚಿನ ಮೇಲೆ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ ಮುದುಕಿಯರ ನಡುವೆ ಒಂಬತ್ತು ಗಂಟೆಯಿಂದ ಕೂತೆ. ಹತ್ತಾಯಿತು, ಹನ್ನೊಂದಾಯಿತು. ಅವರು ಬಂದದ್ದು ಹನ್ನೊಂದೂವರೆಗೆ, ಜೊತೆಯಲ್ಲಿ ಒಬ್ಬ ಹೆಂಗಸು. ಅತ್ತಿಗೆ ಇರಬೇಕು, “ಮೆಟ್ಟಿಲು ಉಂಟು, ನೋಡಿ” ಎಂದು ಮೊಣಕೈ ಹಿಡಿದಿದ್ದಳು. ಹಾಗಾದರೆ ಮನೆಯಲ್ಲಿ ಹೇಳಿದ್ದಾರೆ.

ಅವರು ನನ್ನನ್ನು ನೋಡಿದರು. ತಲೆ ತಿರುಗಿಸಿ, ಎಡಗಣ್ಣಿನಿಂದ, ಸರಿಯಾಗಿಯೇ ನೋಡಿ, ಕೌಂಟರಿಗೆ ಹೋದರು. ಕೌಂಟರಿನ ಹುಡುಗಿ ಫಾರಂ ತುಂಬಿಸುತ್ತಿದ್ದಳು. ಹೆಸರು, ಊರು, ವಯಸ್ಸು.

“ಇಲ್ಲಿಗೆ ಹೋಗಿ ಅಂತ ಯಾರು ಹೇಳಿದ್ದು?”

ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು.

“ಮೂಡಿಗೆರೆ ಕಡೆಯ ಒಬ್ರು,” ಎಂದರು. “ಈಗ ಇಲ್ಲ.”

ಹುಡುಗಿ ಹಾಗೆಯೇ ಬರೆದುಕೊಂಡಳು. ನಾನು ಎದ್ದು, ಅವರ ಬೆನ್ನ ಹಿಂದಿನಿಂದ, ಬಸ್ ಸ್ಟ್ಯಾಂಡಿಗೆ ನಡೆದೆ.