ಸುವರ್ಣಳ ಕನ್ನಡ ಪರೀಕ್ಷೆ

ಬೆಳಗ್ಗೆ ಮಹಡಿಯಿಂದ ಶೇಂಗಾ ಹುರಿಯುವ ವಾಸನೆ ಇಳಿದು ಬಂತು. ಹಲಸೂರು ಮಾರ್ಕೆಟ್ಟಿನ ಹಿಂದಿನ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಮೂಗಿಗೆ ಬಡಿಯಬೇಕಾದ್ದು ಮಲ್ಲಿಗೆ, ಸಾಂಬಾರು, ಇಲ್ಲವೇ ಕಟ್ಟಿಕೊಂಡ ಮೋರಿ. ಶೇಂಗಾ ಬಂತೆಂದರೆ ಮೇಲಿನ ಕೋಣೆಯ ಬಾಡಿಗೆದಾರಳು ಶರಣಮ್ಮನಿಗೆ ರಜೆ ಎಂದು ತಿಳಿಯಬೇಕು. ಕಲಬುರಗಿ ಕಡೆಯವಳು ಅವಳು. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ರಜೆ ಸಿಕ್ಕಿದರೆ ಕಾಲು ಚಾಚಿ ಮಲಗುವುದು ಬಿಟ್ಟು ಶೇಂಗಾ ಹಿಂಡಿ ಕುಟ್ಟುತ್ತಾ ಕೂರುತ್ತಾಳೆ. ಮೊದಮೊದಲು ಅವಳು ಹಿಂಡಿ ಅಂದಾಗ ಇದೇನಪ್ಪ ದನಕ್ಕೆ ಹಾಕುವುದನ್ನು ನನಗೆ ಕೊಡುತ್ತಾಳಲ್ಲ ಎಂದು ನಾನು ಮುಖ ಸಿಂಡರಿಸಿದ್ದುಂಟು. ತಿಂದ ಮೇಲೆ ಆ ಚಟ್ನಿಪುಡಿಗೆ ನಾನೇ ಡಬ್ಬಿ ತೊಳೆದು ಕಳಿಸತೊಡಗಿದೆ.

ಆ ವಾಸನೆ ಬಂದಾಗೆಲ್ಲ ನನಗೆ ಅವಳ ತಂಗಿಯ ಮಗಳು ಸುವರ್ಣ ನೆನಪಾಗುತ್ತಾಳೆ. ತಂಗಿಯನ್ನು ಕೊಟ್ಟಿದ್ದು ಗಡಿಯಾಚೆ, ಸೊಲ್ಲಾಪುರದ ಕಡೆಯ ಒಂದು ಹಳ್ಳಿಗೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ. ಡಾಕ್ಟರಾಗಬೇಕು ಅನ್ನುವುದು ಬಿಟ್ಟು ಆ ಹುಡುಗಿಗೆ ಬೇರೆ ಯೋಚನೆಯೇ ಇರಲಿಲ್ಲ. ನೀಟ್ ಬರೆದಳು. ಬಂದ ಅಂಕಕ್ಕೆ ಅವರ ರಾಜ್ಯದಲ್ಲಿ ಸೀಟು ಸಿಗುವಂತಿರಲಿಲ್ಲ. ಖಾಸಗಿ ಕಾಲೇಜಿನ ಮಾತನ್ನು ಆ ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ಉಳಿದದ್ದು ಒಂದೇ ದಾರಿ, ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರಿಗೆಂದು ಇಟ್ಟ ಕೋಟಾ. ಅದಕ್ಕೆ ಬೆಂಗಳೂರಿಗೆ ಬಂದು ಕನ್ನಡದ ಪರೀಕ್ಷೆ ಕೊಡಬೇಕು. ಓದಿಸುತ್ತಾರೆ, ಬರೆಸುತ್ತಾರೆ, ಮಾತಾಡಿಸುತ್ತಾರೆ. ಪಾಸಾದರೆ ಸೀಟಿನ ಆಸೆ, ಇಲ್ಲದಿದ್ದರೆ ಊರಿಗೆ ವಾಪಸ್ಸು, ಆಮೇಲೆ ಮದುವೆ. ಗಂಡು ಆಗಲೇ ನೋಡಿಟ್ಟಿದ್ದರಂತೆ.

"ಅಕ್ಕಾರ, ಈ ಹುಡುಗಿಗಿ ಮಾತ್ ಬರ್ತದ್ರೀ, ಅಕ್ಷರ ಬರಂಗಿಲ್ಲ. ನೀವs ಏನರ ಮಾಡ್ರಿ," ಎಂದು ಶರಣಮ್ಮ ಅವಳನ್ನು ತಂದು ನನ್ನ ಮುಂದೆ ನಿಲ್ಲಿಸಿದಳು. ಎರಡು ಜಡೆ, ಒಂದು ಚೀಲ, ತಗ್ಗಿದ ತಲೆ.

ಇಲ್ಲಿ ನನ್ನ ಯೋಗ್ಯತೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ, ನೀವು ನಗಬಾರದು. ನಮ್ಮದು ಮನೆಯಲ್ಲಿ ತಮಿಳು. ಮೂರು ತಲೆಮಾರಿನಿಂದ ದಂಡಿನವರು, ಅಂದರೆ ಕಂಟೋನ್ಮೆಂಟಿನವರು. ಆದರೆ ನಾನು ಓದಿದ್ದು ಕನ್ನಡ ಶಾಲೆ, ಅಲ್ಲಿ ಕನ್ನಡದಲ್ಲಿ ಯಾವಾಗಲೂ ಫಸ್ಟು. ಈಗಲೂ ಅಂಗಡಿ ಬೋರ್ಡಿನಲ್ಲಿ ತಪ್ಪು ಕಂಡರೆ ಒಳಗೆ ಹೋಗಿ ಜಗಳ ತೆಗೆಯುತ್ತೇನೆ. ಯಾರಾದರೂ "ನೀವು ಕನ್ನಡದವರಾ?" ಎಂದು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಅಂಥ ನನ್ನ ಕೈಗೆ ಕನ್ನಡ ಕಲಿಯಲು ಒಬ್ಬಳು ಸಿಕ್ಕಿದರೆ ಬಿಡುತ್ತೇನೆಯೇ?

ನಮ್ಮೆಜಮಾನರು ಪೇಪರಿನ ಹಿಂದಿನಿಂದಲೇ ಹೇಳಿದರು: "ನೋಡಮ್ಮಾ ಕಾಲ! ಕನ್ನಡದ ಹುಡುಗಿ ಕನ್ನಡದವಳು ಅಂತ ತೋರಿಸ್ಕೊಳ್ಳೋಕೆ ತಮಿಳ್ರ ಮನೆಗೆ ಟ್ಯೂಷನ್‌ಗೆ ಬಂದವ್ಳೆ."

"ನೀವು ಸುಮ್ನೆ ಕಾಫಿ ಕುಡೀರಿ," ಎಂದು ಅವರ ಬಾಯಿ ಮುಚ್ಚಿಸಿದೆ.

ಹುಡುಗಿ ಮಹಾ ಚುರುಕು. ಸಂಜೆ ಅವಳನ್ನು ಕೆರೆಯ ಕಡೆ ಸುತ್ತಿಸುತ್ತಿದ್ದೆ. ದಾರಿಯುದ್ದಕ್ಕೂ ಬೋರ್ಡು ಓದಬೇಕು, ಓದದೆ ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ. ಪೂಜಾ ಸಾಮಗ್ರಿ, ಪಾತ್ರೆ ಅಂಗಡಿ, ಮೂಲವ್ಯಾಧಿಗೆ ಶೀಘ್ರ ಚಿಕಿತ್ಸೆ. ಕೊನೆಯದನ್ನು ಅವಳು ದೊಡ್ಡ ದನಿಯಲ್ಲಿ ಓದಿ "ಹಂಗಂದ್ರ ಏನ್ರೀ ಆಂಟೀ?" ಎಂದು ನಡುರಸ್ತೆಯಲ್ಲಿ ಕೇಳಿದಾಗ ನಾನು ಬಾಳೆಹಣ್ಣಿನ ಗಾಡಿಯ ಕಡೆ ಮುಖ ತಿರುಗಿಸಿ ರೇಟು ಕೇಳಿದೆ. ಡಾಕ್ಟರಾಗುವವಳಿಗೆ ಹೇಳಬಹುದಿತ್ತು, ನಾಚಿಕೆ ಬಂತು.

ಅಕ್ಷರ ಹಿಡಿತಕ್ಕೆ ಬಂದ ಮೇಲೆ ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅವಳ ಮಾತಿಗೂ ಕೈ ಹಾಕಿದೆ. ಪರೀಕ್ಷೆಯವರ ಮುಂದೆ ಹೋಗಿ "ಬರ್ಲತ್ತೀನ್ರೀ, ಹೊಂಟೀನ್ರೀ" ಅಂದರೆ ಏನು ಚೆಂದ? "ಬರುತ್ತಿದ್ದೇನೆ ಅನ್ನು. ಹೊರಟಿದ್ದೇನೆ ಅನ್ನು. ಅವ್ವ ಅನ್ಬೇಡ, ತಾಯಿ ಅನ್ನು." ಪಾಪ, ಹುಡುಗಿ ಹೇಳಿದ್ದಕ್ಕೆಲ್ಲ ಹ್ಞೂಂ ಅಂದಳು. ಕೊನೆಕೊನೆಗೆ ಅವಳು ಮಾತಾಡಿದರೆ ಆಕಾಶವಾಣಿ ಹಚ್ಚಿದ ಹಾಗೆ ಕೇಳಿಸುತ್ತಿತ್ತು. ನಾನು ಉಬ್ಬಿಹೋದೆ. ಶರಣಮ್ಮ ಮಾತ್ರ "ನಮ್ ಹುಡುಗಿ ಮಾತು ನಮಗs ತಿಳೀಲಾರ್ದಂಗ ಆಗ್ಯದ್ರೀ" ಎಂದು ಗೊಣಗಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಶರಣಮ್ಮ ಕೆಲಸಕ್ಕೆ ಚಕ್ಕರ್ ಹಾಕಿ ಬಂದಳು. ನಾವಿಬ್ಬರೂ ಹೊರಗಿನ ಮರದ ಕೆಳಗೆ ಕುಳಿತೆವು. ಒಳಗಿಂದ ಒಬ್ಬೊಬ್ಬರೇ ಮಕ್ಕಳು ಬಂದರೂ ನಮ್ಮವಳ ಸುಳಿವಿಲ್ಲ. ಕಡೆಗೆ ಬಂದಳು, ಕಣ್ಣು ಕೆಂಪಗೆ ಊದಿಕೊಂಡಿತ್ತು.

ಓದುವುದು ಬರೆಯುವುದು ಸಲೀಸಾಗಿ ಮುಗಿದಿತ್ತಂತೆ. ಮಾತಿಗೆ ಕೂತಾಗ ಎದುರಿಗೆ ಇಬ್ಬರು ಮೇಷ್ಟ್ರು. ಯಾಕಮ್ಮ ಡಾಕ್ಟರಾಗಬೇಕು ಎಂದು ಕೇಳಿದ್ದಾರೆ. ಇವಳು "ನಾನು ವೈದ್ಯಳಾಗಿ ಬಡಜನರ ಸೇವೆಗೈಯಲು ಬಯಸುತ್ತೇನೆ" ಅಂದಿದ್ದಾಳೆ.

"ಮನೇಲೂ ಹಿಂಗೇ ಮಾತಾಡ್ತೀಯಾ?"

"ಹೌದು. ಮನೆಯಲ್ಲಿಯೂ ನಾನು ಹೀಗೆಯೇ ಮಾತನಾಡುತ್ತೇನೆ."

ಅವರು ಪೆನ್ನು ಕೆಳಗಿಟ್ಟರಂತೆ. "ಯಾರು ಹೇಳ್ಕೊಟ್ಟಿದ್ದು?"

"ಹಲಸೂರಿನ ತಮಿಳು ಆಂಟಿಯವರು."

ಅಯ್ಯೋ ದೇವರೇ! ಕೇಳಿ ನಾನು ಹಣೆ ಹಣೆ ಬಡಿದುಕೊಂಡೆ. ಸುಳ್ಳೇನೂ ಹೇಳಿರಲಿಲ್ಲ ಪುಣ್ಯಾತ್ಗಿತ್ತಿ. ಮೇಷ್ಟ್ರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಇದು ನಿನ್ನ ಮನೆಮಾತಲ್ಲ ಅನ್ಸುತ್ತಮ್ಮ. ಕೋಟಾಗೋಸ್ಕರ ಬಾಯಿಪಾಠ ಮಾಡ್ಕೊಂಡು ಬರೋರು ಬೇಕಾದಷ್ಟು ಜನ ಇದಾರೆ, ನೀನಿನ್ನು ಹೋಗ್ಬಹುದು" ಅಂದರಂತೆ.

ಆಗ ಹುಡುಗಿಯ ಕಟ್ಟೆ ಒಡೆದಿದೆ. "ಹಂಗ ಅನಬ್ಯಾಡ್ರೀ ಸರ್! ನಮ್ಮವ್ವಗ ಕನ್ನಡ ಬಿಟ್ರ ಬ್ಯಾರೆ ಮಾತs ಬರಂಗಿಲ್ಲ. ಆಕಿ ಕೂಡ ನಾ ಮತ್ತ್ಯಾವ ಮಾತಾಡ್ಲಿ? ನಂಗ ಭಾಳ ಅಂಜಿಕಿ ಬರ್ಲತ್ತದ್ರೀ, ಈಗ ಹೊಳ್ಳಿ ಹೋದ್ರ ನಂದು ಲಗ್ನ ಮಾಡ್ತಾರ್ರೀ!"

ಹಿರಿಯ ಮೇಷ್ಟ್ರು ಪೆನ್ನು ಮತ್ತೆ ಎತ್ತಿಕೊಂಡರು. "ಇಷ್ಟೊತ್ತು ಈ ಕನ್ನಡಾನ ಎಲ್ಲಿಟ್ಟಿದ್ಯೇ ತಾಯಿ?"

"ಆಂಟಿ ಬ್ಯಾಡ ಅಂದಿದ್ರೀ."

ಶರಣಮ್ಮ ಮರದ ಕೆಳಗೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನಗುತ್ತಾ ನಗುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನಾನು ಕಲಿಸಿದ್ದೇ ಅವಳ ಕಾಲಿಗೆ ತೊಡರಿಕೊಂಡಿತ್ತಲ್ಲ ಎಂದು ಸಂಕಟ ಒಂದು ಕಡೆ, ಅದನ್ನೊದ್ದು ದಾಟಿ ಬಂದಳಲ್ಲ ಎಂದು ಖುಷಿ ಇನ್ನೊಂದು ಕಡೆ. ಆ ದಿನ ನಮ್ಮೆಜಮಾನರಿಗೆ ಅರ್ಧ ಕಥೆಯನ್ನಷ್ಟೇ ಹೇಳಿದೆ. ಮಿಕ್ಕ ಅರ್ಧವನ್ನು ಶರಣಮ್ಮ ಹೇಳಿ ನನ್ನ ಮರ್ಯಾದೆ ತೆಗೆದಳು.

ಕನ್ನಡದಲ್ಲಿ ಪಾಸಾದಳು. ಸೀಟು ಹಂಚುವಾಗ ಉತ್ತರದ ಕಡೆಯ ಒಂದು ಸರ್ಕಾರಿ ಕಾಲೇಜು ಸಿಕ್ಕಿತು. ಗಂಡು ಬೇರೆ ಕಡೆ ಮದುವೆಯಾದನಂತೆ, ಅವನಿಗೂ ಒಳ್ಳೆಯದಾಗಲಿ.

ಈಗ ಅವಳು ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡುವ ವರ್ಷಕ್ಕೆ ಬಂದಿದ್ದಾಳೆ. ಇವತ್ತು ಮಧ್ಯಾಹ್ನ ಫೋನ್ ಬಂತು. "ಆಂಟೀ, ನನ್ನ ವಾರ್ಡಿನ ಮುದುಕಿ ಹೋದಳ್ರೀ. ಮುಂಜಾನೆ ನನ್ನ ಕೈ ಹಿಡಕೊಂಡು ಮಾತಾಡಿದ್ಳು. ಅವ್ವಗ ಹೇಳಿದ್ರ ಊಟ ಬಿಡ್ತಾಳ, ಅದಕ್ಕs ನಿಮಗ ಮಾಡ್ದೆ," ಎಂದು ಬಿಕ್ಕತೊಡಗಿದಳು.

ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟು ವರ್ಷ ಫಸ್ಟು ಬಂದ ನನ್ನ ಕನ್ನಡದ ಒಂದು ಪದವೂ ಸಿಗಲಿಲ್ಲ. ನಾನು ಚಿಕ್ಕವಳಿದ್ದಾಗ ಅತ್ತರೆ ನಮ್ಮಮ್ಮ ನಾನಿದ್ದೀನಲ್ಲ ಎಂದು ಹೇಳುತ್ತಿದ್ದ ತಮಿಳು ಮಾತೇ ಬಾಯಿಗೆ ಬಂತು.

"ಅಳಾದಮ್ಮಾ ಕಣ್ಣು. ನಾನ್ ಇರುಕ್ಕೇನ್ಲ."

ಸುವರ್ಣ ಮೂಗೊರೆಸಿಕೊಂಡಳು. "ಹ್ಞೂಂ ಆಂಟೀ, ಅಳಂಗಿಲ್ಲ," ಅಂದಳು. "ಹಂಗs ಮಾತಾಡ್ಕೋತ ಇರ್ರಿ."